ಛಾವಣಿಯ ಅರ್ಧ ಹೂವು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಫ್ಲಾಟುಗಳಾಗಿ ಬದಲಾದ ಹಳೇ ಹೋಟೆಲಿನಲ್ಲಿ ಮೊದಲ ಸಲ ಕೆಲವು ದಿನಕ್ಕೆ ಫ್ಲಾಟ್ ಹಿಡಿದಾಗ ನಾನು ಫೋಟೋ ನೋಡಿಯೇ ಮರುಳಾಗಿದ್ದೆ. ನೀಲಿ ಸೋಫಾ, ಹಿತ್ತಾಳೆ ದೀಪ, ಎತ್ತರದ ಬಿಳಿ ಕಿಟಕಿ, ಅದರಾಚೆ ಸಮುದ್ರ. ಊರಿನ ಹೆಸರು ಬೇಡ ಬಿಡಿ. ಹೋಗಿ ನೋಡಿದರೆ, ಅಡುಗೆಮನೆಯ ಸಿಂಕ್ ಪಕ್ಕ ನಿಂತು ಕತ್ತು ಹೊರಳಿಸಿದರೆ ಮಾತ್ರ ಸಮುದ್ರ ಕಾಣುತ್ತಿತ್ತು. ಮಲಗುವ ಕೋಣೆ ರೈಲು ಡಬ್ಬಿಯ ಹಾಗೆ ಉದ್ದಕ್ಕೆ, ಇಕ್ಕಟ್ಟಾಗಿತ್ತು. ರಾತ್ರಿ ಗಾಳಿ ಎದ್ದಿತು, ಕಿಟಕಿ ಕಟಕಟ ಅನ್ನತೊಡಗಿತು.

ಅದು ಮೇಲೆ ಕೆಳಗೆ ಜಾರುವ ಸ್ಯಾಷ್ ಕಿಟಕಿ. ಚೌಕಟ್ಟಿನ ಒಳಗೆ ಹಗ್ಗ, ರಾಟೆ, ಕಬ್ಬಿಣದ ತೂಕ ಅಡಗಿರುತ್ತವೆ. ಅವುಗಳಿಂದಾಗಿಯೇ ಅಷ್ಟು ಭಾರದ ಗಾಜು ಒಂದೇ ಕೈಗೆ ಮೇಲೇಳುತ್ತದೆ. ಸಲೀಸಾಗಿ ಜಾರಬೇಕು ಅಂದ್ರೆ ಸ್ವಲ್ಪ ಸಂದಿ ಇರಲೇಬೇಕು. ಸಂದಿ ಇದ್ದಲ್ಲಿ ಕಡಲ ಗಾಳಿ ನುಗ್ಗದೆ ಬಿಡುತ್ತದಾ? ಕಾಗದ ಮಡಿಚಿ ಸಂದಿಗೆ ತುರುಕಿದೆ. ಶಬ್ದ ನಿಂತ ಮೇಲೆಯೇ ನಿದ್ದೆ ಬಂದಿದ್ದು.

ಹೊಸ ಕಿಟಕಿ ಹಾಕಿಸಬಾರದಾ ಅಂತ ಅನ್ನಿಸುವುದು ಸಹಜ. ಆದರೆ ಇಂಥ ಕಟ್ಟಡಗಳು ಅಲ್ಲಿ ಸಾಮಾನ್ಯವಾಗಿ ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿರುತ್ತವೆ. ಅವುಗಳ ಚಹರೆ ಬದಲಾಗುವಂಥ ಯಾವ ಕೆಲಸಕ್ಕೂ ಅನುಮತಿ ಬೇಕು. ಆದ್ದರಿಂದ ಎಷ್ಟೋ ಮಾಲೀಕರು ಹಳೇ ಕಿಟಕಿ ಮುಟ್ಟದೆ, ಅದರ ಒಳಬದಿಗೆ ಎರಡನೇ ಗಾಜಿನ ಚೌಕಟ್ಟು ಕೂರಿಸುತ್ತಾರೆ. ಚಳಿ, ಶಬ್ದ ಎರಡೂ ಕಮ್ಮಿ ಆಗುತ್ತವೆ. ಆ ಒಳಗಾಜು ಇದೆಯಾ ಅಂತ ನಾನೀಗ ಬುಕ್ ಮಾಡುವ ಮುಂಚೆಯೇ ಕೇಳುತ್ತೇನೆ.

ಮುಂದಿನ ಸಲ ಫೋಕ್‌ಸ್ಟನ್‌ಗೆ ಹೋದೆ. ಕೆಂಟ್ ಕೌಂಟಿಯ ಊರು ಅದು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ಬಂಡೆಯ ನೆತ್ತಿಯ ಮೇಲೆ ಲೀಸ್ ಅನ್ನುವ ಉದ್ದನೆಯ ಹುಲ್ಲುಹಾಸಿನ ನಡಿಗೆ ದಾರಿ ಇದೆ. ಅದರ ಪಶ್ಚಿಮದ ಕಡೆ ಎರಡು ದೊಡ್ಡ ಹಳೇ ಹೋಟೆಲುಗಳು ಅಕ್ಕಪಕ್ಕ ನಿಂತಿವೆ. ಮೆಟ್ರೊಪೋಲ್ 1897ರದ್ದು, ಗ್ರ್ಯಾಂಡ್ 1903ರದ್ದು. ಏಳನೇ ಎಡ್ವರ್ಡ್ ದೊರೆ ಗ್ರ್ಯಾಂಡ್‌ಗೆ ಬಂದು ಇರುತ್ತಿದ್ದ. ಗಾಜಿನ ಗೋಡೆಯ ಹಿಂದೆ ಕೂತ ಗಡ್ಡದ ದೊರೆಯನ್ನೂ ಅವನ ಗೆಳೆಯರನ್ನೂ ಜನ ಇಣುಕಿ ನೋಡಿ, ಪಂಜರದ ಮಂಗಗಳ ಹಾಗಿದ್ದಾರೆ ಅಂದರಂತೆ. ಇದು ಆ ಊರಿನವರು ಹೇಳುವ ಕತೆ.

ಆಮೇಲೆ ಎರಡು ಮಹಾಯುದ್ಧ ಬಂದವು. 1960ರ ದಶಕದಿಂದ ಜನ ವಿಮಾನ ಹತ್ತಿ ಸ್ಪೇನ್ ಕಡೆ ಹೊರಟರು. ನೂರಾರು ಕೋಣೆ ತುಂಬಿಸುವುದು ಕಷ್ಟವಾಯಿತು. ಇಂಗ್ಲೆಂಡಿನ ಕರಾವಳಿಯ ಎಷ್ಟೋ ದೊಡ್ಡ ಹೋಟೆಲುಗಳ ಹಾಗೆ ಇವೆರಡೂ ಫ್ಲಾಟುಗಳಾದವು. ಉರುಳಿಸುವ ಬದಲು ಉಳಿಸಿದರಲ್ಲ, ನನಗೆ ಅದೇ ದೊಡ್ಡ ಖುಷಿ.

ಅವೆರಡರಲ್ಲಿ ಒಂದರಲ್ಲಿ ನಾನು ನವೆಂಬರಿನಲ್ಲಿ ಐದು ರಾತ್ರಿ ಇದ್ದೆ. ಯಾರದೋ ಸ್ವಂತ ಮನೆ, ಹಾಗಾಗಿ ಯಾವುದು ಅಂತ ಹೇಳುವುದಿಲ್ಲ. ಈ ಸಲ ಆರಿಸಿದ್ದು ಛಾವಣಿ ನೋಡಿ. ಆ ಕಾಲದ ಒಳ್ಳೇ ಕೋಣೆಗಳಲ್ಲಿ, ಗೋಡೆ ಛಾವಣಿ ಕೂಡುವ ಕಡೆ ಗಾರೆಯ ಕೆತ್ತನೆಯ ಅಂಚು ಇರುತ್ತದೆ. ನಾಲ್ಕೂ ಗೋಡೆಗೆ ಅದು ಸುತ್ತು ಬಂದಿದ್ದರೆ ಕೋಣೆ ಮೂಲದಲ್ಲಿ ಇದ್ದ ಹಾಗೆಯೇ ಉಳಿದಿದೆ. ಮೂರು ಗೋಡೆಗೆ ಬಂದು ನಾಲ್ಕನೆಯದರಲ್ಲಿ ತಟ್ಟನೆ ನಿಂತರೆ, ಆ ಗೋಡೆ ಆಮೇಲೆ ಹಾಕಿದ್ದು. ದೊಡ್ಡ ಕೋಣೆಯನ್ನು ಸೀಳಿ ಎರಡು ಮಾಡಿದ್ದಾರೆ. ನನ್ನ ಮೊದಲ ಫ್ಲಾಟಿನ ರೈಲು ಡಬ್ಬಿ ಹುಟ್ಟಿದ್ದು ಹಾಗೆಯೇ. ಫೋಟೋಗಳನ್ನು ದೊಡ್ಡದು ಮಾಡಿ, ಒಂದೊಂದೇ ಮೂಲೆ ನೋಡಿದೆ. ಈ ಫ್ಲಾಟಿನಲ್ಲಿ ಮಲಗುವ ಕೋಣೆಯ ಅಂಚು ಪೂರ್ತಿ ಇತ್ತು. ಹಾಲ್‌ನಲ್ಲಿ ಮಾತ್ರ ಒಂದು ಗೋಡೆ ಬೋಳು. ಆದರೂ ಹಾಲ್ ಅಗಲವಾಗಿತ್ತು, ಮೂರು ಕಿಟಕಿ ನೇರ ಸಮುದ್ರಕ್ಕೆ. ಸರಿ ಅನ್ನಿಸಿತು.

ಮಾಲೀಕರಿಗೆ ನೇರವಾಗಿ ಬರೆದು ಕೇಳಿದೆ. ಮಂಚದ ಮೇಲೆ ಕೂತರೆ ಕಿಟಕಿಯಲ್ಲಿ ಏನು ಕಾಣುತ್ತದೆ? ಲಿಫ್ಟ್ ನಮ್ಮ ಮಹಡಿ ತನಕ ಬರುತ್ತದಾ, ಇಲ್ಲ ಕೊನೆಗೆ ಮೆಟ್ಟಿಲು ಹತ್ತಬೇಕಾ? ಹೀಟರ್ ನಮ್ಮ ಕೈಯಲ್ಲಿದೆಯಾ? ಮೂರಕ್ಕೂ ನೇರ ಉತ್ತರ ಬಂತು, ಮಂಚದಿಂದ ತೆಗೆದ ಫೋಟೋ ಸಮೇತ. ಕೇಳಲು ಸಂಕೋಚ ಬೇಡ. ಒಳ್ಳೇ ಮಾಲೀಕರು ಇಂಥ ಪ್ರಶ್ನೆಗೆ ಖುಷಿಪಡುತ್ತಾರೆ.

ನವೆಂಬರಿನಲ್ಲಿ ಯಾಕೆ ಅಂತ ಮನೆಯಲ್ಲಿ ಕೇಳಿದ್ದರು. ಸಂಜೆ ನಾಲ್ಕರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ, ನಿಜ. ಆದರೆ ಒಂದು ಮನೆಯೇ ನಿಮ್ಮದಾಗಿರುವಾಗ ಕತ್ತಲಾದರೇನು? ಹೋಟೆಲ್ ಕೋಣೆಯಲ್ಲಿ ಮಂಚದ ಮೇಲೆ ಸುಮ್ನೆ ಕೂರಬೇಕಿತ್ತು. ಇಲ್ಲಿ ಊಟದ ಮೇಜನ್ನು ಕಿಟಕಿಗೆ ಎಳೆದುಕೊಂಡೆ. ಅನ್ನ, ಸಾರು ಮಾಡಿದೆ. ದೀಪ ಆರಿಸಿ ಉಂಡೆ. ಬಲಗಡೆ ದೂರದಲ್ಲಿ ಡಂಜನೆಸ್ ದೀಪಸ್ತಂಭ 10 ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಎದುರಿಗೆ ಹಡಗುಗಳ ದೀಪ ಸಾಲಾಗಿ ಸರಿಯುತ್ತಿದ್ದವು. ಪಕ್ಕದ ಡೋವರ್ ಊರಿನ ಹತ್ತಿರ ಇಂಗ್ಲೆಂಡ್, ಫ್ರಾನ್ಸ್ ನಡುವಿನ ಕಡಲು ಬರೀ 33 ಕಿ.ಮೀ. ಅಗಲ, ಜಗತ್ತಿನ ಅಷ್ಟೊಂದು ಹಡಗು ಆ ಕಿರಿದಾದ ದಾರಿಯಲ್ಲೇ ಹೋಗಬೇಕು. ಮೂರನೇ ರಾತ್ರಿ ಮಂಜು ಪೂರ್ತಿ ಹರಿದು, ಫ್ರಾನ್ಸಿನ ದಡದ ದೀಪಗಳೂ ಕಂಡವು. ಸಾರು ತಣ್ಣಗಾಗಿದ್ದು ಗೊತ್ತೇ ಆಗಲಿಲ್ಲ.

ಹಗಲು ಹೊತ್ತು ಝಿಗ್‌ಝಾಗ್ ದಾರಿಯಲ್ಲಿ ಬಂಡೆ ಇಳಿದು ಕಡಲ ದಂಡೆಗೆ ಹೋಗುತ್ತಿದ್ದೆ. ದಾರಿಯ ಇಕ್ಕೆಲದ ಬಂಡೆಗಳು ನೋಡಲು ಥೇಟ್ ಅಸಲಿ. ಆದರೆ ಅವು 1921ರಲ್ಲಿ ಸಿಮೆಂಟಿನಂಥ ಗಾರೆ ಬಳಿದು ಮಾಡಿದ ಬಂಡೆಗಳು. ಕೈಯಿಟ್ಟು ಸವರಿದ ಮೇಲೂ ನಂಬಿಕೆ ಬರಲಿಲ್ಲ.

ಹಾಲ್‌ನ ಛಾವಣಿಯ ಬಗ್ಗೆ ಒಂದು ಮಾತು ಉಳಿದಿದೆ. ಅದರಲ್ಲಿ ಗಾರೆಯ ದೊಡ್ಡ ಹೂವಿತ್ತು, ಎಲೆ, ಬಳ್ಳಿ ಎಲ್ಲ ಇದ್ದ ಹೂವು. ಆದರೆ ಆ ಬೋಳು ಗೋಡೆ ಅದನ್ನು ನಡುಮಧ್ಯೆ ಕತ್ತರಿಸಿತ್ತು. ನಮ್ಮ ಕಡೆ ಅರ್ಧ ಹೂವು ಮಾತ್ರ. ದಿನಾ ಸೋಫಾದಲ್ಲಿ ಒರಗಿ ಅದನ್ನೇ ನೋಡುತ್ತಿದ್ದೆ. ಕೊನೆಯ ದಿನ ಲಿಫ್ಟಿನಲ್ಲಿ ಪಕ್ಕದ ಫ್ಲಾಟಿನ ಅಜ್ಜಿ ಸಿಕ್ಕರು, ಅಲ್ಲೇ ಕಾಯಂ ಇರುವವರು. ಹೂವಿನ ವಿಷಯ ಎತ್ತಿದೆ. ಅವರು ನಕ್ಕು, ಬಾಗಿಲು ತೆಗೆದು ಒಳಗೆ ಕರೆದರು. ಅವರ ಹಾಲ್‌ನ ಛಾವಣಿಯಲ್ಲಿ, ಗೋಡೆಗೆ ಅಂಟಿಕೊಂಡು, ಉಳಿದ ಅರ್ಧ ಹೂವಿತ್ತು.