ಹೊಸಬರಿಗೆ ಮಾರ್ಗದರ್ಶಿ: ಬಚ್ಚಲುಮನೆ ಬಾಯ್ಲರ್ ಆರಿಸೋದು, ನೋಡ್ಕೊಳ್ಳೋದು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಹೊಸದಾಗಿ ಮನೆ ಮಾಡ್ತಿರುವ ಎಲ್ಲರಿಗೂ ಸಂಘದ ಕಡೆಯಿಂದ ನಮಸ್ಕಾರ. ಕೈಗಾಕ್ಕೆ, ನೇವಲ್ ಬೇಸ್‌ಗೆ, ಬ್ಯಾಂಕಿಗೆ, ಮೆಡಿಕಲ್ ಕಾಲೇಜಿಗೆ ಅಂತ ಬಳ್ಳಾರಿ, ಕಲಬುರಗಿ, ಮೈಸೂರು ಕಡೆಯಿಂದ ಬರುವವರು ಏಪ್ರಿಲ್ ಮೇ ತಿಂಗಳಲ್ಲಿ ಬಂದಿಳಿದು ಇಲ್ಲಿಯ ಸೆಕೆ ನೋಡಿ ಬಿಸಿನೀರಿನ ಬಗ್ಗೆ ಯೋಚನೆನೇ ಮಾಡೋದಿಲ್ಲ, ಜೂನ್ ಅರ್ಧ ಆಗೋದರೊಳಗೆ ಸ್ನಾನಕ್ಕೆ ಏನು ಮಾಡೋದು ಅಂತ ಫೋನ್ ಬರ್ತದೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯೋದು. ಆ ನಾಲ್ಕು ತಿಂಗಳು ಸೋಲಾರ್ ನಂಬಿ ಕೂರೋ ಹಾಗಿಲ್ಲ, ದಿನಗಟ್ಟಲೆ ಬಿಸಿಲೇ ಇರೋದಿಲ್ಲ, ಲೈನ್ ಮೇಲೆ ಮರದ ಕೊಂಬೆ ಬಿತ್ತು ಅಂದ್ರೆ ಹೆಸ್ಕಾಂನವರು ಬಂದು ಸರಿ ಮಾಡೋ ತನಕ ಗೀಸರೂ ಇಲ್ಲ. ಅದಕ್ಕೇ ಇಲ್ಲಿ ಎಷ್ಟೋ ಮನೆಗಳಲ್ಲಿ ಗೀಸರ್ ಇದ್ದರೂ ಬಚ್ಚಲಲ್ಲಿ ಕಟ್ಟಿಗೆ ಬಾಯ್ಲರ್ ತೆಗೆದಿಲ್ಲ.

ಬಾಯ್ಲರ್ ಅಂಗಡಿಗೆ ಹೋಗೋ ಮೊದಲು ನಿಮಗೆ ಯಾವ ಉರುವಲು ಸಿಗ್ತದೆ ಅಂತ ನೋಡಿ. ಶಿರಸಿ ಕಡೆ ತೋಟದ ಮನೆಯಲ್ಲಿ ಬಾಡಿಗೆಗಿದ್ರೆ ಅಡಿಕೆ ಸಿಪ್ಪೆ, ಒಣ ಸೋಗೆ (ಅಡಿಕೆ ಗರಿ) ಬೇಕಾದಷ್ಟು ಇರ್ತದೆ, ಆದರೆ ಅದು ಹಗುರ, ಭರ್ರನೆ ಉರಿದು ಹೋಗ್ತದೆ, ಮತ್ತೆ ಮತ್ತೆ ಹಾಕ್ತಾ ಇರಬೇಕು, ಹಾಗಾಗಿ ಬಾಯಿ ದೊಡ್ಡದಿರೋ ಒಲೆನೇ ಬೇಕು. ಕರಾವಳಿಯಲ್ಲಿ ತೆಂಗಿನ ಮಟ್ಟೆ, ಸಿಪ್ಪೆ, ಗರಟೆ (ಚಿಪ್ಪು) ಸಿಗ್ತದೆ. ಗರಟೆ ಒಳ್ಳೆ ಕಾವು ಕೊಡ್ತದೆ. ಗಾಳಿಮರ, ಅಕೇಶಿಯಾ ಕಟ್ಟಿಗೆಯನ್ನ ಸಾಮಿಲ್ಲಿನಲ್ಲಿ, ಡಿಪೋದಲ್ಲಿ ಕೇಳಿ ತಗೊಳ್ಳಿ. ಜಿಲ್ಲೆಯ ಬಹುಪಾಲು ಅರಣ್ಯವೇ ಆಗಿರೋದ್ರಿಂದ ಮನೆ ಹಿಂದೆ ಕಾಣೋ ಕಾಡು ಯಾರದ್ದೂ ಅಲ್ಲ ಅಂತ ಹೋಗಿ ಮರ ಕಡಿಯೋ ಹಾಗಿಲ್ಲ, ಕೇಸ್ ಆಗ್ತದೆ. ಗೇರು ಬೀಜದ ಸಿಪ್ಪೆ ಅಗ್ಗಕ್ಕೆ ಸಿಕ್ಕಿದರೂ ಮನೆ ಒಲೆಗೆ ಬೇಡ, ಅದರೊಳಗಿನ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆ ಕಣ್ಣಿಗೆ ಗಂಟಲಿಗೆ ಬಹಳ ಕೆಟ್ಟದ್ದು.

ಎಷ್ಟು ಕಟ್ಟಿಗೆ ಬೇಕು ಅಂತ ಕೇಳ್ತಾರೆ. ನಾಲ್ಕು ಜನಕ್ಕೆ ತಲಾ 20 ಲೀಟರ್ ಅಂತ 80 ಲೀಟರ್ ನೀರನ್ನ 25 ಡಿಗ್ರಿಯಿಂದ 45 ಡಿಗ್ರಿಗೆ ತರೋಕೆ 1,600 ಕಿಲೋ ಕ್ಯಾಲೊರಿ ಶಾಖ ಸಾಕು. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ 3,500ಕ್ಕೂ ಹೆಚ್ಚು ಇರ್ತದೆ. ಅಂದ್ರೆ ಲೆಕ್ಕದಲ್ಲಿ ಅರ್ಧ ಕಿಲೋ, ಆದರೆ ಅರ್ಧಕ್ಕಿಂತ ಹೆಚ್ಚು ಶಾಖ ಚಿಮಣಿಯಲ್ಲೇ ಹೋಗೋದ್ರಿಂದ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಅಂತ ಇಟ್ಕೊಳ್ಳಿ. ಇದು ಒಣ ಕಟ್ಟಿಗೆಯ ಲೆಕ್ಕ ಮಾತ್ರ. ಹಸಿ ಕಟ್ಟಿಗೆ ಹಾಕಿದ್ರೆ ಅದರೊಳಗಿನ ನೀರು ಆವಿಯಾಗೋಕೇ ಬೆಂಕಿ ಖರ್ಚಾಗಿ, ಎರಡು ಪಟ್ಟು ಕಟ್ಟಿಗೆ ಸುಟ್ಟರೂ ನೀರು ಕಾಯೋದಿಲ್ಲ, ಮನೆ ತುಂಬಾ ಹೊಗೆ, ಚಿಮಣಿ ತುಂಬಾ ಮಸಿ. ಮಳೆಗಾಲದ ಕಟ್ಟಿಗೆಯನ್ನ ಮಾರ್ಚ್ ಏಪ್ರಿಲ್‌ನಲ್ಲೇ ಸೀಳಿ, ಬಿಸಿಲಿಗೆ ಒಣಗಿಸಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಮಾಡಿನ (ಚಾವಣಿಯ) ಕೆಳಗೆ ಒಟ್ಟಿಡಬೇಕು. ಜೂನ್‌ನಲ್ಲಿ ಕಟ್ಟಿಗೆ ತರಿಸಿದ್ರೆ ದುಡ್ಡು ಕೊಟ್ಟು ನೀರು ತಂದ ಹಾಗೆ.

ಬಾಯ್ಲರ್‌ನಲ್ಲಿ ಎರಡು ಜಾತಿ. ಒಲೆ ಕಟ್ಟಿ ಅದರ ಮೇಲೆ ತಾಮ್ರದ ಹಂಡೆ ಕೂರಿಸೋದು ಹಳೇ ಕ್ರಮ, ಗಟ್ಟಿ, ತೊಳೆಯೋಕೆ ಸುಲಭ, ಆದರೆ ಬೆಂಕಿ ತಾಗೋದು ಅಡಿಗೆ ಮಾತ್ರ, ಕಟ್ಟಿಗೆ ಜಾಸ್ತಿ ಹಿಡಿಯುತ್ತೆ, ಮಕ್ಕಳಿರೋ ಮನೆಯಲ್ಲಿ ಕುದಿಯೋ ಹಂಡೆಗೆ ಮುಚ್ಚಳ ಇರಲೇಬೇಕು. ಇನ್ನೊಂದು ನಿಂತಿರೋ ಬಾಯ್ಲರ್, ನಡುವೆ ಹೊಗೆ ಕೊಳವೆ, ಸುತ್ತ ನೀರು, ಕೆಳಗೆ ಒಲೆ. ಹೊಗೆ ಮೇಲೆ ಹೋಗ್ತಾ ಹೋಗ್ತಾ ನೀರಿಗೆ ಕಾವು ಕೊಡ್ತದೆ, ಹಾಗಾಗಿ ಬೇಗ ಕಾಯುತ್ತೆ. ಬಾಡಿಗೆ ಮನೆಯವರಿಗೆ ನಾವು ಇದನ್ನೇ ಹೇಳೋದು, ಹೋಗುವಾಗ ಎತ್ಕೊಂಡು ಹೋಗಬಹುದು.

ತಾಮ್ರವೋ ಸ್ಟೀಲೋ ಅನ್ನೋದಕ್ಕೆ ನೀರು ನೋಡಬೇಕು. ಬಯಲುಸೀಮೆಯಿಂದ ಬಂದವರಿಗೆ ಗಡಸು ನೀರು, ಬಿಳಿ ಪದರ ಕಟ್ಟೋದು ರೂಢಿ, ಇಲ್ಲಿಯ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಹೆಚ್ಚಾಗಿ ಮೆದು, ಸ್ವಲ್ಪ ಹುಳಿ ಗುಣದ್ದು. ಅಂಥ ನೀರು ತಾಮ್ರವನ್ನ ನಿಧಾನಕ್ಕೆ ತಿನ್ನುತ್ತೆ, ನಲ್ಲಿ ಕೆಳಗೆ ನೀಲಿ ಹಸಿರು ಕಲೆ ಕಂಡರೆ ಅದೇ ಅಂತ ತಿಳ್ಕೊಳ್ಳಿ, ಆ ನೀರನ್ನ ಅಡುಗೆಗೆ, ಕುಡಿಯೋಕೆ ಬಳಸಬೇಡಿ, ಸ್ನಾನಕ್ಕೆ ಅಡ್ಡಿಲ್ಲ. ಸಮುದ್ರದ ಹತ್ತಿರದ ಬಾವಿಗಳಲ್ಲಿ ಮೇ ಹೊತ್ತಿಗೆ ನೀರು ಉಪ್ಪಾಗೋದುಂಟು, ಉಪ್ಪು ನೀರಿಗೆ ಅಗ್ಗದ ಸ್ಟೀಲ್ ಬೆಸುಗೆ ಜಾಗದಲ್ಲೇ ತೂತು ಬೀಳ್ತದೆ. ತಗೊಳ್ಳುವಾಗ ಬೆಸುಗೆ ಎಲ್ಲಾ ಕೈಯಾಡಿಸಿ ನೋಡಿ, ನೀರು ತುಂಬಿಸಿ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಮೇಲುಗಡೆ ಆವಿ ಹೋಗೋ ದಾರಿ ತೆರೆದೇ ಇರಬೇಕು, ಅದಕ್ಕೆ ಬಿರಡೆ ಜಡಿಯೋದು, ವಾಲ್ವ್ ಹಾಕಿಸೋದು ಯಾವತ್ತೂ ಮಾಡಬೇಡಿ, ಆವಿ ಒಳಗೇ ಕೂತರೆ ಬಾಯ್ಲರ್ ಒಡೆಯುತ್ತೆ. ನೀರಿಲ್ಲದೆ ಬೆಂಕಿ ಹಾಕಿದ್ರೆ ಬೆಸುಗೆ ಕರಗಿ ಬಾಯ್ಲರ್ ಅವತ್ತೇ ಹಾಳು, ಹಾಗಾಗಿ ಮೊದಲು ನೀರು, ಆಮೇಲೆ ಕಡ್ಡಿ.

ಚಿಮಣಿಗೆ ದುಡ್ಡು ಉಳಿಸಬೇಡಿ. ಹೊಗೆ ಮಾಡಿನ ತುದಿಗಿಂತ ಎರಡು ಅಡಿಯಾದರೂ ಮೇಲೆ ಹೋಗಬೇಕು, ಇಲ್ಲದಿದ್ರೆ ಗಾಳಿ ಹೊಡೆದಾಗ ವಾಪಸ್ ಮನೆಯೊಳಗೇ ತಳ್ತದೆ. ಮೇಲೆ ಮಳೆ ಟೋಪಿ ಬೇಕು, ಹಂಚಿನ ಮಾಡಿನಲ್ಲಿ ಕೊಳವೆ ಹೊರಗೆ ಹೋಗೋ ಜಾಗದಲ್ಲಿ ನೀರು ಸೋರದ ಹಾಗೆ ಶೀಟ್ ಹಾಕಿಸಬೇಕು, ಮರದ ಪಕಾಸಿಗೆ ಕೊಳವೆ ತಾಗಬಾರದು. ಕಡಲ ಉಪ್ಪು ಗಾಳಿಗೆ ತೆಳು ತಗಡಿನ ಕೊಳವೆ ಬೇಗ ತುಕ್ಕು ಹಿಡಿಯುತ್ತೆ, ದಪ್ಪದ್ದೇ ಹಾಕಿಸಿ. ಹಳೇ ಮನೆಗಳಲ್ಲಿ ಸಿಮೆಂಟ್ ಕೊಳವೆ ಇರ್ತದೆ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನ ಕೊಯ್ಯೋದು, ಉಜ್ಜೋದು ಬೇಡ, ಧೂಳು ಶ್ವಾಸಕೋಶಕ್ಕೆ ಹೋದರೆ ಕೆಟ್ಟದ್ದು.

ಈಗ ಹೇಳೋದನ್ನ ದಯವಿಟ್ಟು ಮನೆಯವರೆಲ್ಲ ಓದಿ. ಗ್ಯಾಸ್ ಗೀಸರ್ ಬಚ್ಚಲೊಳಗೆ ಹಾಕಿಸಬೇಡಿ. ಬಾಡಿಗೆ ಮನೆಯಲ್ಲಿ ಮೊದಲೇ ಹಾಕಿದ್ದರೆ ಹೊರಗೆ ತೆಗೆಸಿ ಅಂತ ಓನರ್‌ಗೆ ಹೇಳಿ. ಮಳೆ ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿ ಸ್ನಾನ ಮಾಡುವಾಗ ಒಳಗಿನ ಆಮ್ಲಜನಕ ಕಡಿಮೆಯಾಗ್ತದೆ, ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬರ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅಷ್ಟೇ ಗೊತ್ತಾಗೋದು, ಎದ್ದು ಬಾಗಿಲು ತೆಗೆಯೋ ಶಕ್ತಿ ಆಗಲೇ ಹೋಗಿರ್ತದೆ. ಕಟ್ಟಿಗೆ ಬಾಯ್ಲರ್‌ಗೂ ಇದೇ ಮಾತು, ಕೆಂಡ ಇರೋ ತನಕ ಅಪಾಯ ಇದ್ದೇ ಇದೆ. ಬೆಂಕಿ ಬಾಯಿ ಬಚ್ಚಲಿನ ಹೊರಗಡೆ ಇರೋ ಹಾಗೆ ಕಟ್ಟಿಸೋದೇ ಒಳ್ಳೇದು, ಆಗದಿದ್ರೆ ಮೇಲೊಂದು ಕೆಳಗೊಂದು ಮುಚ್ಚೋಕಾಗದ ಕಿಂಡಿ ಇರಲಿ. ಒಳಗೆ ಸ್ನಾನಕ್ಕೆ ಹೋದವರು ಕರೆದರೆ ಓ ಅನ್ನಲಿಲ್ಲ ಅಂದ್ರೆ ಕಾಯಬೇಡಿ, ಬಾಗಿಲು ಒಡೆದು ಅವರನ್ನ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಹೇಳಿ.

ಆಯಿಲ್ ಬರ್ನರ್ ಹಾಕಿಸಲಾ ಅಂತ ಕೆಲವರು, ಮುಖ್ಯವಾಗಿ ಹೊರದೇಶದಲ್ಲಿ ಇದ್ದು ಬಂದವರು ಕೇಳ್ತಾರೆ. ಅದು ಚಳಿದೇಶದಲ್ಲಿ ಇಡೀ ಮನೆ ಬೆಚ್ಚಗಿಡೋ ಬಾಯ್ಲರ್‌ಗೆ ಇರೋದು, ಪಂಪು ಎಣ್ಣೆಯನ್ನ ಸುಮಾರು 7 ಬಾರ್ ಒತ್ತಡದಲ್ಲಿ ಸಣ್ಣ ನಾಝಲ್‌ನಿಂದ ಮಂಜಿನ ಹಾಗೆ ಚಿಮ್ಮಿಸಿ ಕಿಡಿ ಹೊತ್ತಿಸ್ತದೆ, ಫ್ಯಾನ್ ಗಾಳಿ ಕೊಡ್ತದೆ, ನಾಝಲ್ಲು ಫಿಲ್ಟರು ವರ್ಷ ವರ್ಷ ಬದಲಿಸಿ ಮೆಷಿನ್ ಇಟ್ಟು ಹೊಗೆ ಪರೀಕ್ಷೆ ಮಾಡಬೇಕು. ಅದಕ್ಕೂ ಕರೆಂಟ್ ಬೇಕು, ಇಲ್ಲಿ ರಿಪೇರಿಯವರು ಸಿಗೋದು ಕಷ್ಟ, ನಾಲ್ಕು ಜನರ ಸ್ನಾನಕ್ಕೆ ಅದರ ಅಗತ್ಯವೇ ಇಲ್ಲ. ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ತೊಟ್ಟಿಕ್ಕಿಸಿ ಉರಿಸೋ ಒಲೆ ಮಾಡಿಕೊಡ್ತೇವೆ ಅಂದ್ರಂತೂ ಖಂಡಿತ ಬೇಡ, ಅದರ ಹೊಗೆಯಲ್ಲಿ ಸೀಸದಂಥ ಲೋಹ ಇರ್ತದೆ. ಬೆಂಕಿ ಹತ್ತಲಿಲ್ಲ ಅಂತ ಕೆಂಡದ ಮೇಲೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯೋದೂ ಬೇಡ.

ಫ್ಲ್ಯಾಟ್‌ನಲ್ಲಿ ಇರುವವರಿಗೆ ಕರೆಂಟ್ ಗೀಸರ್ ಸಾಕು. 15 ಲೀಟರಿನ 2 ಕಿಲೋವ್ಯಾಟ್ ಗೀಸರ್ 20 ನಿಮಿಷದಲ್ಲಿ 60 ಡಿಗ್ರಿ ತನಕ ಕಾಯಿಸ್ತದೆ. 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್, ಬೋರ್ಡಲ್ಲಿ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ತೋರಿಸಿ. ಒಳಗಿನ ಮೆಗ್ನೀಷಿಯಂ ಸರಳನ್ನ ಉಪ್ಪು ನೀರಿರೋ ಕಡೆ ವರ್ಷಕ್ಕೊಮ್ಮೆ ನೋಡಿಸಿ, ಅದು ಸವೆದು ಮುಗಿದ ಮೇಲೆ ಟ್ಯಾಂಕೇ ಸವೆಯೋದು.

ಕಟ್ಟಿಗೆ ಬಾಯ್ಲರ್‌ಗೆ ದಿನಾ ಬೂದಿ ತೆಗೆಯೋದು ಮುಖ್ಯ, ಬೂದಿ ತುಂಬಿದ್ರೆ ಕೆಳಗಿಂದ ಗಾಳಿ ಬರದೆ ಹೊಗೆಯಾಡ್ತದೆ. ತೆಗೆದ ಬೂದಿಯನ್ನ ಪೂರ್ತಿ ತಣಿದ ಮೇಲೇ ಗಿಡಕ್ಕೆ ಹಾಕಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ತುಂಬಿಡಬೇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೆಳಗಿಂದಲೇ ಉದ್ದ ಬ್ರಷ್ ಹಾಕಿ ಕೊಳವೆಯ ಮಸಿ ತೆಗೀರಿ, ಮಳೆ ಇಲ್ಲದ ತಿಂಗಳಲ್ಲಿ ಹಗ್ಗಕ್ಕೆ ಗೋಣಿ ಮುದ್ದೆ ಕಟ್ಟಿ ಮೇಲಿಂದ ಕೆಳಗೆ ಎಳೆದರೂ ಆಯ್ತು. ಮಸಿ ಪದರ ಕಾವನ್ನ ನೀರಿಗೆ ಬಿಡೋದಿಲ್ಲ, ಜಾಸ್ತಿ ಕಟ್ಟಿದ್ರೆ ಚಿಮಣಿಯೊಳಗೇ ಬೆಂಕಿ ಹತ್ತುತ್ತೆ. ಊರಿಗೆ ಹೋಗುವಾಗ ನೀರು ಖಾಲಿ ಮಾಡಿ ಹೋಗಿ. ಚಿಮಣಿ, ಟೋಪಿ, ಮಾಡಿನ ಶೀಟ್ ಕೆಲಸ ಏನಿದ್ರೂ ಮೇ ತಿಂಗಳೊಳಗೇ ಮುಗಿಸ್ಕೊಳ್ಳಿ, ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಹಂಚಿನ ಮೇಲೆ ಹತ್ತೋಕೆ ಯಾರೂ ಬರೋದಿಲ್ಲ, ಹತ್ತಿಸೋದೂ ಸರಿಯಲ್ಲ.