ಕಪ್ಪಗೆ ಹುರಿದ ಊಲಾಂಗ್: ಕುದಿ ನೀರು, ಹತ್ತೇ ಸೆಕೆಂಡು

ಈ ಟೀ ಮೊದಲ ಸಲ ಕೈಗೆ ಬಂದಾಗ ನಾನು ಮನೆಯ ಟೀ ಮಾಡುವ ಹಾಗೇ ಮಾಡಿದೆ. ಪಾತ್ರೆಗೆ ಎರಡು ಚಮಚ ಎಲೆ ಹಾಕಿ ಐದು ನಿಮಿಷ ಕುದಿಸಿದೆ. ಸುಟ್ಟ ತೆಂಗಿನ ಕರಟ ನೆನೆಸಿದ ನೀರಿನ ಹಾಗೆ ಇತ್ತು. ತಪ್ಪು ಟೀಯದ್ದಲ್ಲ, ನನ್ನದೇ. ಗಾಢವಾಗಿ ಹುರಿದ ಊಲಾಂಗ್ ಕುದಿಯುವ ನೀರಿಗೆ ಹೆದರುವುದಿಲ್ಲ. ಆದರೆ ಅದರಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಕೆಡುತ್ತದೆ. ಎಲೆ ಹೆಚ್ಚು, ನೀರು ಕಡಿಮೆ, ಸಮಯ ಇನ್ನೂ ಕಡಿಮೆ. ಒಂದೇ ಎಲೆಯನ್ನು ಏಳೆಂಟು ಸಲ ಬಸಿದು ಕುಡಿಯಬಹುದು.

ಎಲೆ ಕಪ್ಪಾಗುವುದು ಹೇಗೆ

ಊಲಾಂಗ್ ಅಂದರೆ ಗ್ರೀನ್ ಟೀಗೂ ನಾವು ದಿನಾ ಕುಡಿಯುವ ಟೀಗೂ ನಡುವಿನದು. ಕಿತ್ತ ಎಲೆಯನ್ನು ಬಾಡಿಸಿ, ಬಿದಿರಿನ ಮೊರದಲ್ಲಿ ಕುಲುಕುತ್ತಾರೆ. ಎಲೆಯ ಅಂಚು ಜಜ್ಜಿ ಕೆಂಪಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ಕ್ರಿಯೆ. ಅರ್ಧದಲ್ಲೇ ಬಿಸಿ ತಾಗಿಸಿ ಅದನ್ನು ನಿಲ್ಲಿಸುತ್ತಾರೆ. ಆಮೇಲೆ ಹೊಸೆದು, ಒಣಗಿಸಿ, ಕೊನೆಗೆ ಹುರಿಯುತ್ತಾರೆ.

ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿ ಹಳೆಯ ಪದ್ಧತಿಯಲ್ಲಿ ಹುರಿಯುವಾಗ ಉರಿಯೇ ಕಾಣುವುದಿಲ್ಲ. ಇದ್ದಿಲು ಕೆಂಡವಾಗಿ ಹೊಗೆ ಪೂರ್ತಿ ಹೋದ ಮೇಲೆ ಬೂದಿ ಮುಚ್ಚುತ್ತಾರೆ. ಅದರ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಎಲೆ. ಹಿಂದೆ ಹಳ್ಳಿ ಮನೆಗಳಲ್ಲಿ ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದರಲ್ಲ, ಅದೇ ಕಾವು. ಗಂಟೆಗಟ್ಟಲೆ ಹೀಗೆ ಕಾಯಿಸಿ, ನಡುನಡುವೆ ಕೈಯಾಡಿಸಿ, ತಿಂಗಳು ಬಿಟ್ಟು ಮತ್ತೆ ಕಾಯಿಸುತ್ತಾರೆ. ಹಾಗಾಗಿ ಏಪ್ರಿಲ್–ಮೇ ತಿಂಗಳಲ್ಲಿ ಕಿತ್ತ ಎಲೆ ಕುಡಿಯುವ ಹದಕ್ಕೆ ಬರುವಾಗ ಚಳಿಗಾಲ ಹತ್ತಿರವಾಗಿರುತ್ತದೆ. ಹೊಸದಾಗಿ ಹುರಿದದ್ದಕ್ಕೆ ಬೆಂಕಿಯ ಘಾಟು ಇರುತ್ತದೆ. ನಿಮ್ಮ ಪೊಟ್ಟಣದಲ್ಲೂ ಆ ಘಾಟು ಬಂದರೆ ಗಾಳಿಯಾಡದ ಡಬ್ಬಿಗೆ ಹಾಕಿ ಎರಡು ತಿಂಗಳು ಸುಮ್ನೆ ಇಟ್ಟುಬಿಡಿ.

ಬಂಡೆಗಳ ಸಂದಿಯಲ್ಲಿ ಬೆಳೆಯುವ ಈ ವೂಯಿ ಟೀಗೆ 'ಯಾನ್ ಚಾ', ಅಂದರೆ ಬಂಡೆ ಟೀ ಎಂದೇ ಹೆಸರು. ಇವುಗಳಲ್ಲಿ ದಾ ಹೊಂಗ್ ಪಾವ್ ತುಂಬ ಪ್ರಸಿದ್ಧ. ಅದರ ಆರು ತಾಯಿಗಿಡಗಳಿಂದ ಎಲೆ ಕೀಳುವುದನ್ನು 2006ರಲ್ಲೇ ನಿಲ್ಲಿಸಿದ್ದಾರೆ. 'ತಾಯಿಗಿಡದ ಟೀ' ಎಂದು ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ಹೋಗಿ. ಹೊಸಬರಿಗೆ ನನ್ನ ಮಾತು ಕೇಳುವುದಾದರೆ ಬಂಡೆ ಟೀಗಳಲ್ಲೇ ಇನ್ನೊಂದಾದ ಶುಯಿ ಶಿಯೆನ್ ತಗೊಳ್ಳಿ. ಇನ್ನೂ ಮೆದು ರುಚಿ ಬೇಕಿದ್ದರೆ ತೈವಾನಿನ ಡಾಂಗ್ ಡಿಂಗ್ ಇದೆ. ಅದರ ಎಲೆ ಉಂಡೆಯಾಗಿ ಸುತ್ತಿಕೊಂಡಿರುತ್ತದೆ.

ಈಗ ಬಸಿಯೋಣ

ಬೇಕಾದ್ದು ಸುಮಾರು 100 ಮಿಲಿ ಹಿಡಿಯುವ ಪಿಂಗಾಣಿ ಪಾತ್ರೆ. ಚೀನಾದಲ್ಲಿ ಇದಕ್ಕೆ ಬಳಸುವ ಮುಚ್ಚಳದ ಬಟ್ಟಲಿಗೆ ಗೈವಾನ್ ಎನ್ನುತ್ತಾರೆ. ಅದಿಲ್ಲದಿದ್ದರೆ ಸಣ್ಣ ಕಪ್ಪು, ಮುಚ್ಚಲು ಸಾಸರು, ಸೋಸಲು ಟೀ ಜರಡಿ ಸಾಕು. ನೀರು ಮಾತ್ರ ಗಡಸು ಇರಬಾರದು. ಬೋರ್‌ವೆಲ್ ನೀರಿನಲ್ಲಿ ಈ ಟೀಯ ಪರಿಮಳ ಮಂಕಾಗುತ್ತದೆ.

ಎಲೆಯನ್ನು ತೂಕ ಮಾಡಿಯೇ ಹಾಕಿ, 5 ಗ್ರಾಂ. ಚಮಚದ ಲೆಕ್ಕ ಇಲ್ಲಿ ಕೈಕೊಡುತ್ತದೆ. ಉದ್ದಕ್ಕೆ ಹೊಸೆದ ವೂಯಿ ಎಲೆ 5 ಗ್ರಾಂ ಆದರೆ ಬಟ್ಟಲು ಅರ್ಧ ತುಂಬುತ್ತದೆ, ಉಂಡೆ ಎಲೆ ಅಷ್ಟೇ ತೂಕಕ್ಕೆ ತಳ ಮುಚ್ಚುತ್ತದೆ ಅಷ್ಟೇ.

ಮೊದಲು ಬಟ್ಟಲಿಗೆ ಕುದಿ ನೀರು ಹಾಕಿ, ಬಿಸಿಯಾದ ಮೇಲೆ ಚೆಲ್ಲಿ. ಒಣ ಎಲೆ ಹಾಕಿ, ಮುಚ್ಚಿ, ಎರಡು ಸಲ ಕುಲುಕಿ. ಮುಚ್ಚಳ ತೆಗೆದು ಮೂಸಿ. ಹುರಿಗಡಲೆ, ಬೆಲ್ಲದ ಪಾಕ, ಕೆಲವೊಮ್ಮೆ ದಾಲ್ಚಿನ್ನಿ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಘಳಿಗೆ ಇದು.

ಆಮೇಲೆ ಕುದಿ ನೀರು ಸುರಿದು ಐದು ಸೆಕೆಂಡಿಗೆ ಬಸಿದು ಚೆಲ್ಲಿ. ಎಲೆ ನೆನೆದು ಏಳಲಿಕ್ಕೆ ಇದು. ಮತ್ತೆ ಕುದಿ ನೀರು, ಹತ್ತು ಸೆಕೆಂಡು, ಹನಿ ಉಳಿಯದಂತೆ ಬಸಿಯಿರಿ. ತಳದಲ್ಲಿ ಉಳಿದ ನೀರೇ ಮುಂದಿನ ಸುತ್ತನ್ನು ಕಹಿ ಮಾಡುವುದು. ಎರಡನೆಯದೂ ಹತ್ತು, ಮೂರನೆಯದು ಹದಿನೈದು, ನಾಲ್ಕನೆಯದು ಇಪ್ಪತ್ತು. ಅಲ್ಲಿಂದ ಪ್ರತಿ ಸಲ ಹತ್ತೋ ಹದಿನೈದೋ ಸೆಕೆಂಡು ಜಾಸ್ತಿ. ಉಂಡೆ ಎಲೆಯಾದರೆ ಮೊದಲ ಸುತ್ತಿಗೇ ಇಪ್ಪತ್ತು ಸೆಕೆಂಡು ಕೊಡಿ, ಬಿಚ್ಚಿಕೊಳ್ಳಲು ಹೊತ್ತು ಬೇಕು. ಗೈವಾನ್ ಹಿಡಿಯುವಾಗ ಬೆರಳು ಹೊರಚಾಚಿದ ಅಂಚಿನ ಮೇಲಿರಲಿ, ನೀರೂ ಅಂಚಿನವರೆಗೆ ಬೇಡ. ನನ್ನ ಹೆಬ್ಬೆರಳು ಇದನ್ನು ಎರಡು ಸಲ ಬೊಬ್ಬೆ ಎದ್ದು ಕಲಿತಿದೆ.

ಬಾಯಲ್ಲಿ ಏನು ಹುಡುಕಬೇಕು

ಸೊರ್ರನೆ ಹೀರಿ. ಸಾಸರಿಗೆ ಸುರಿದುಕೊಂಡು ಹೀರುವ ನಮ್ಮ ಅಜ್ಜಂದಿರು ಮಾಡುತ್ತಿದ್ದದ್ದು ಸರಿಯೇ. ಗಾಳಿ ಸೇರಿದರೆ ಪರಿಮಳ ಮೂಗಿಗೆ ಹತ್ತುತ್ತದೆ.

ಮೊದಲೆರಡು ಸುತ್ತಿನಲ್ಲಿ ಹುರಿದ ರುಚಿಯೇ ಮುಂದೆ. ಅಷ್ಟಕ್ಕೇ ತೀರ್ಪು ಕೊಡಬೇಡಿ. ಮೂರು, ನಾಲ್ಕನೆಯ ಸುತ್ತಿಗೆ ಆ ಹೊದಿಕೆ ಸರಿದು ಕೆಳಗಿನ ಎಲೆ ಸಿಗುತ್ತದೆ: ಒಣಹಣ್ಣು, ಹೂವು, ಮಳೆ ಬಿದ್ದ ಕಲ್ಲಿನಂಥ ಏನೋ ಒಂದು. ಒಳ್ಳೆಯ ಎಲೆಯಲ್ಲಿ ಕಹಿ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ನೆಲ್ಲಿಕಾಯಿ ಅಗಿದು ನೀರು ಕುಡಿದಾಗ ಸಿಹಿ ಬರುತ್ತದಲ್ಲ, ಹಾಗೆ ನುಂಗಿದ ಸ್ವಲ್ಪ ಹೊತ್ತಿಗೆ ಗಂಟಲಿನಿಂದ ಸಿಹಿ ಏಳುತ್ತದೆ. ಚೀನೀಯರು ಇದಕ್ಕೆ 'ಹುಯಿ ಗಾನ್' ಎನ್ನುತ್ತಾರೆ. ಸೀದ ಎಲೆಯಲ್ಲಿ ಇದು ಬರುವುದೇ ಇಲ್ಲ. ಗಂಟಲು ಒಣಗುತ್ತದೆ, ಎಲ್ಲ ಸುತ್ತಿನಲ್ಲೂ ಅದೇ ಇದ್ದಿಲಿನ ರುಚಿ. ಕುಡಿದ ಖಾಲಿ ಕಪ್ಪು ತಣ್ಣಗಾದ ಮೇಲೂ ಒಮ್ಮೆ ಮೂಸಿ ನೋಡಿ.

ಎಲ್ಲ ಮುಗಿದ ಮೇಲೆ ಎಲೆಯನ್ನು ತಟ್ಟೆಗೆ ಸುರಿದು ಬೆರಳಿನಿಂದ ಬಿಡಿಸಿ. ಮೈಮೇಲೆ ಕಪ್ಪೆಚರ್ಮದಂಥ ಗುಳ್ಳೆ ಕಂಡರೆ ಒಳ್ಳೆಯ ಗುರುತು, ನಿಧಾನ ಕಾವಿನಲ್ಲಿ ಹುರಿದದ್ದು. ಎಂಟು ಸುತ್ತು ಕುದಿ ನೀರು ಕಂಡರೂ ಬಿಚ್ಚದೆ, ಕಡ್ಡಿಯಂತೆ ಗಟ್ಟಿಯಾಗಿಯೇ ಉಳಿದರೆ ಅದು ಇದ್ದಿಲಾಗಿದೆ. ಚೆನ್ನಾಗಿ ಬಿಚ್ಚಿಕೊಂಡಿದ್ದರೆ ಎಸೆಯಬೇಡಿ. ಅದೇ ಎಲೆಗೆ ಎರಡು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಮೊದಲ ದಿನ ನಾನು ಮಾಡಿದ ಕೆಲಸಕ್ಕೆ ಸರಿಯಾದ ಹೊತ್ತು ಇದು.