ಕಾಲು ಲೀಟರ್ ಆಮ್ಲಜನಕ ಮತ್ತು ಮಲೆನಾಡಿನ ಮಳೆಗಾಲ

ಇಪ್ಪತ್ತೆಂಟು ವಾರಕ್ಕೇ ಹುಟ್ಟಿ, ಹುಟ್ಟುವಾಗ 980 ಗ್ರಾಂ ತೂಗಿದ ನಮ್ಮ ಮಗಳನ್ನು, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) 76 ದಿನಗಳ ವಾಸದ ನಂತರ ಆಮ್ಲಜನಕದ ಸಮೇತ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಕರೆದೊಯ್ಯುತ್ತೇನೆಂದು 2022ರ ಮೇ ತಿಂಗಳಲ್ಲಿ ನಾನು ಹೇಳಿದಾಗ ಒಪ್ಪಿದವಳು ನನ್ನ ಹೆಂಡತಿ ಒಬ್ಬಳೇ. ಅಣ್ಣ ಶಿವಮೊಗ್ಗದಲ್ಲಿಯೇ ವರ್ಷದ ಮಟ್ಟಿಗೆ ಬಾಡಿಗೆ ಮನೆ ಹಿಡಿ ಎಂದ. ವೈದ್ಯರು ಮಳೆಗಾಲದಲ್ಲಿ ನಿಮ್ಮೂರಿನಲ್ಲಿ ಕರೆಂಟ್ ಇರುತ್ತದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಕ್ಕರು. ಆ ಡಿಸೆಂಬರ್‌ನಲ್ಲಿ ಮಗುವಿನ ಮೂಗಿನಿಂದ ಕ್ಯಾನುಲಾ, ಎಂದರೆ ಆಮ್ಲಜನಕದ ಸಣ್ಣ ನಳಿಗೆ, ಕಳಚಿತು. ಹೇಗೆ ಸಾಧ್ಯವಾಯಿತು ಎಂದು ಈಗ ಅದೇ ಜನ ಕೇಳುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಶ್ವಾಸಕೋಶ ಅರಳಿಸುವ ಔಷಧಿ ಸರ್ಫ್ಯಾಕ್ಟೆಂಟ್, ವೆಂಟಿಲೇಟರ್, ಮೂಗಿನಿಂದ ಒತ್ತಡದ ಗಾಳಿ ಕೊಡುವ ಸಿ-ಪ್ಯಾಪ್, ಉಸಿರು ನಿಲ್ಲದಂತೆ ಕೊಡುವ ಕೆಫೀನ್, ಕಣ್ಣಿನ ತಪಾಸಣೆ, ಎದೆಗವುಚಿಕೊಂಡು ಕುಳಿತ ಗಂಟೆಗಳು, ಇವೆಲ್ಲ ಈ ದಾರಿಯಲ್ಲಿ ಬಂದವರಿಗೆ ಗೊತ್ತಿರುವುದೇ. ಗರ್ಭದ ಲೆಕ್ಕದಲ್ಲಿ ಮೂವತ್ತಾರು ವಾರ ತುಂಬಿದಾಗಲೂ ಆಮ್ಲಜನಕ ಬೇಕೇ ಬೇಕಾಗಿದ್ದುದರಿಂದ, ಬೇಗ ಹುಟ್ಟಿದ ಶಿಶುಗಳ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಾದ ಬಿಪಿಡಿ ಎಂಬ ಹೆಸರು ಫೈಲಿನ ಮೇಲೆ ಬಿತ್ತು. ಆಸ್ಪತ್ರೆಯ ಬಿಲ್ಲು ಎಂಟು ಲಕ್ಷದ ಆಸುಪಾಸು ಆಗಿತ್ತು. ಅದರಲ್ಲಿ ಮೂರು ಲಕ್ಷ ಕೈಸಾಲ, ಉಳಿದದ್ದು ಹಿಂದಿನ ವರ್ಷದ ಅಡಿಕೆ ಮತ್ತು ಹೆಂಡತಿಯ ಬಳೆಗಳು. ಮನೆಗೆ ಬರುವಾಗ ಮಗು 2.2 ಕೆ.ಜಿ. ಇತ್ತು, ನಿಮಿಷಕ್ಕೆ ಕಾಲು ಲೀಟರ್ ಆಮ್ಲಜನಕದಲ್ಲಿತ್ತು.

ನನ್ನನ್ನು ಬೈದವರೆಲ್ಲರ ಲೆಕ್ಕ ಕೋವಿಡ್ ಕಾಲದ್ದು. 2021ರಲ್ಲಿ ದೊಡ್ಡವರಿಗೆ ನಿಮಿಷಕ್ಕೆ ಐದು ಲೀಟರ್ ಕೊಟ್ಟಾಗ ಬಿ-ಟೈಪ್ ಸಿಲಿಂಡರ್ ಐದು ಗಂಟೆಯಲ್ಲಿ ಬರಿದಾದದ್ದನ್ನು ಅವರು ಕಂಡಿದ್ದರು. ಅದೇ ಸಿಲಿಂಡರಿನಲ್ಲಿರುವ ಸುಮಾರು 1500 ಲೀಟರ್ ಅನಿಲ ಕಾಲು ಲೀಟರ್ ಲೆಕ್ಕದಲ್ಲಿ ನೂರು ಗಂಟೆ, ಎಂದರೆ ನಾಲ್ಕು ದಿನ ಬರುತ್ತದೆ. ಕಾಗದದ ಚೂರಿನ ಮೇಲೆ ಈ ಭಾಗಾಕಾರ ಮಾಡಿ ತೋರಿಸಿದ ಮೇಲೆಯೇ ವೈದ್ಯರು ನಗುವುದನ್ನು ನಿಲ್ಲಿಸಿ ಡಿಸ್ಚಾರ್ಜ್ ಚೀಟಿ ಬರೆದದ್ದು.

ಆದರೆ ಈ ಲೆಕ್ಕವನ್ನು ನಾನೇ ಪೂರ್ತಿ ನಂಬಿರಲಿಲ್ಲ, ಆದ್ದರಿಂದಲೇ ಮೊದಲ ದುಡ್ಡು ಪೋಲಾಯಿತು. ಕೋಣೆಯ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ, ಐದು ಲೀಟರಿನ ಕಾನ್ಸಂಟ್ರೇಟರ್ ಅನ್ನು ತಿಂಗಳಿಗೆ ಐದೂವರೆ ಸಾವಿರಕ್ಕೆ ಬಾಡಿಗೆಗೆ ತಂದು, ಮನೆಯಲ್ಲಿದ್ದ ಹಳೆಯ ಇನ್ವರ್ಟರಿಗೆ ಜೋಡಿಸಿದೆ. ಅದು ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಒರಟು ಕರೆಂಟ್ ಇಂಥ ಯಂತ್ರಕ್ಕೆ ಒಗ್ಗದು. ಯಂತ್ರ ಗುಂಯ್ ಎಂದು ನರಳಿ, ಅರ್ಧ ಗಂಟೆಯಲ್ಲಿ ಮುಟ್ಟಲಾರದಷ್ಟು ಬಿಸಿಯಾಯಿತು. ಇಪ್ಪತ್ತೆಂಟು ಸಾವಿರ ಕೊಟ್ಟು ಸೈನ್ ವೇವ್ ಇನ್ವರ್ಟರನ್ನೂ 150 ಎಎಚ್ ಬ್ಯಾಟರಿಯನ್ನೂ ತಂದದ್ದಾಯಿತು. ಅಷ್ಟಾದರೂ ಅದು ಎಳೆದದ್ದು ಮೂರೂವರೆ ಗಂಟೆ ಮಾತ್ರ, ನಮ್ಮಲ್ಲಿ ಮರ ಬಿದ್ದರೆ ಕರೆಂಟ್ ಬರುವುದು ಮೂರನೆಯ ದಿನ. ಕೊನೆಗೆ ಕಾಪಾಡಿದ್ದು ಮುನ್ನೂರು ರೂಪಾಯಿಗೆ ತುಂಬಿಸಿಕೊಡುತ್ತಿದ್ದ ಸಿಲಿಂಡರೇ. ಎರಡಿಟ್ಟುಕೊಂಡೆವು, ಒಂದು ನಡೆಯುತ್ತಿದ್ದಾಗ ಇನ್ನೊಂದು ಶಿವಮೊಗ್ಗಕ್ಕೆ ಹೋಗಿ ತುಂಬಿಕೊಂಡು ಬರುತ್ತಿತ್ತು.

ಕಾಲು ಲೀಟರಿನ ಲೆಕ್ಕಕ್ಕೆ ಒಂದು ಶತ್ರುವಿದೆ, ಅದು ಸೋರಿಕೆ. ಜೂನ್ ಕೊನೆಯಲ್ಲಿ ಒಂದು ರಾತ್ರಿ ತುಂಬಿದ ಸಿಲಿಂಡರ್ ಬೆಳಗಿನ ಜಾವಕ್ಕೆ ಖಾಲಿಯಾಗಿತ್ತು. ರೆಗ್ಯುಲೇಟರಿನ ವಾಷರ್ ಸವೆದು, ಮಗುವಿಗೆ ಹೋಗುತ್ತಿದ್ದುದಕ್ಕಿಂತ ಹತ್ತಾರು ಪಟ್ಟು ಅನಿಲ ಕೋಣೆಗೆ ಹೋಗುತ್ತಿತ್ತು. ಅಂದಿನಿಂದ ಪ್ರತಿ ಸಲ ಜೋಡಿಸಿದಾಗಲೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು, ಅಲ್ಲಿ ಎಣ್ಣೆ ಗ್ರೀಸ್ ತಾಗಿಸದಿರುವುದು ಪದ್ಧತಿಯಾಯಿತು. ಇನ್ನೊಂದು ತೊಡಕು ಹರಿವನ್ನು ಅಳೆಯುವ ಫ್ಲೋಮೀಟರಿನದು: ಯಂತ್ರದಲ್ಲಿದ್ದ ಮೀಟರಿನ ಗೆರೆಗಳು ಅರ್ಧ ಲೀಟರಿನಿಂದ ಆರಂಭವಾಗುತ್ತಿದ್ದವು, ಅದಕ್ಕಿಂತ ಕೆಳಗಿನದೆಲ್ಲ ಊಹೆ. ಒಂದು ಲೀಟರಿನವರೆಗೆ ಮಾತ್ರ ಅಳೆಯುವ ಮೀಟರನ್ನು ಬೆಂಗಳೂರಿನಿಂದ ತರಿಸಲು ಹದಿನೈದು ದಿನ ಹಿಡಿಯಿತು, ಎರಡೂವರೆ ಸಾವಿರವಾಯಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಶಿಶುವಿಗೆ ಆಗದು. ಪಾದಕ್ಕೆ ಸುತ್ತುವ ಪ್ರೋಬ್ ಇರುವ ಯಂತ್ರಕ್ಕೆ ಹದಿನಾಲ್ಕು ಸಾವಿರ ಕೊಟ್ಟೆ. ಖರ್ಚು ಮಾಡಿದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲದ ವಸ್ತು ಅದೊಂದೇ.

ಜುಲೈನಲ್ಲಿ ಸ್ಯಾಚುರೇಶನ್, ಎಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಅಂಕಿ, ಕಾರಣವಿಲ್ಲದೆ 86, 87ಕ್ಕೆ ಇಳಿಯತೊಡಗಿತು. ಪ್ರೋಬ್ ಬದಲಿಸಿದೆವು, ಮೂಗು ಶುಚಿಗೊಳಿಸಿದೆವು, ನಳಿಗೆಯುದ್ದಕ್ಕೂ ಬೆರಳಾಡಿಸಿದೆವು. ಹೆಂಡತಿಯೇ ಸಿಲಿಂಡರಿಗೆ ಜೋಡಿಸಿ ನೋಡೋಣ ಎಂದಳು. ಜೋಡಿಸಿದ ಎರಡು ನಿಮಿಷಕ್ಕೆ 95. ದೋಷ ಬಾಡಿಗೆಯ ಯಂತ್ರದಲ್ಲಿತ್ತು, ನಮ್ಮೂರಿನ ತೇವಕ್ಕೆ ಅದರೊಳಗಿನ, ಗಾಳಿಯ ಸಾರಜನಕವನ್ನು ಹಿಡಿದಿಡುವ ಹರಳು ಸೋತಿತ್ತು. ಶುದ್ಧತೆ ಕಡಿಮೆಯಾದರೆ ಹೊತ್ತಬೇಕಾದ ಹಳದಿ ದೀಪವೇ ಕೆಟ್ಟಿದೆಯೆಂದು ಬಾಡಿಗೆಗೆ ಕೊಟ್ಟವರು ಹೇಳಿರಲಿಲ್ಲ. ಆ ಯಂತ್ರವನ್ನು ಮರಳಿಸಿ ನಲವತ್ತಮೂರು ಸಾವಿರಕ್ಕೆ ಹೊಸದನ್ನು ಕೊಂಡೆ.

ಹೊಗೆಯ ವಿಷಯದಲ್ಲಿ ಅಮ್ಮನೊಡನೆ ಆದ ಜಗಳ ಇದೆಲ್ಲಕ್ಕಿಂತ ಕಷ್ಟದ್ದು. ಬಾಣಂತಿ ಕೋಣೆಗೆ ಕೆಂಡ, ಸ್ನಾನದ ನಂತರ ಕೂಸಿನ ತಲೆಗೆ ಸಾಂಬ್ರಾಣಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಬಚ್ಚಲ ಒಲೆ, ಇಷ್ಟಿಲ್ಲದೆ ಬಾಣಂತನ ಹೇಗೆ? “ಹೊಗೆ ಹಾಕ್ದೆ ಯಾವ ಕೂಸು ಬೆಳ್ದಿದೆ ಮಾರಾಯ?” ಎಂದು ಅವರು ಕೇಳಿದರು. ಆಮ್ಲಜನಕವಿರುವ ಕೋಣೆಗೆ ಬೆಂಕಿ ತರಬಾರದೆಂಬ ಮಾತಿಗೂ ಅವರು ಬಗ್ಗಲಿಲ್ಲ. ಒಂದು ಸಂಜೆ ಬಚ್ಚಲ ಒಲೆಯ ಹೊಗೆ ಪಡಸಾಲೆಗೆ ನುಗ್ಗಿದಾಗ ಆಕ್ಸಿಮೀಟರನ್ನು ಅವರ ಕೈಗೇ ಕೊಟ್ಟೆ. ಅಂಕಿ 94ರಿಂದ 89ಕ್ಕೆ ಇಳಿದದ್ದನ್ನು ನೋಡಿ ಅವರೇ ಎದ್ದು ಬಾಗಿಲು ಹಾಕಿದರು. ದೇವರ ದೀಪ ಮನೆಯ ಇನ್ನೊಂದು ತುದಿಗೆ ಹೋಯಿತು, ಅಡಿಕೆ ಬೇಯಿಸುವ ಒಲೆ ಆ ವರ್ಷ ಅಣ್ಣನ ಅಂಗಳದಲ್ಲಿ ಉರಿಯಿತು.

ನನ್ನದೇ ದೊಡ್ಡ ತಪ್ಪನ್ನೂ ಹೇಳಬೇಕು. ಹಗಲಿನಲ್ಲಿ 96, 97 ಕಾಣುತ್ತಿದ್ದುದರಿಂದ ಉಬ್ಬಿ, ಯಾರನ್ನೂ ಕೇಳದೆ ಹರಿವನ್ನು 0.1 ಲೀಟರಿಗೆ ಇಳಿಸಿದೆ. ಅಂಕಿ ಹಗಲಿನಲ್ಲಿ ಚೆನ್ನಾಗಿಯೇ ಇತ್ತು, ಆದರೆ ಎರಡು ವಾರ ಮಗುವಿನ ತೂಕ ಏರಲೇ ಇಲ್ಲ. ಹಾಲು ಕುಡಿಯುವಾಗ, ಗಾಢ ನಿದ್ದೆಯಲ್ಲಿ ಅದು ಸೊರಗುತ್ತಿತ್ತು, ನಾನು ನೋಡುತ್ತಿದ್ದುದು ಆಡುವಾಗ. ವೈದ್ಯರು ಬೈದ ಬೈಗುಳ ನ್ಯಾಯವಾದದ್ದು. ಆಮೇಲೆ ನಿದ್ದೆ, ಹಾಲು, ಅತ್ತು ಸುಮ್ಮನಾದ ನಂತರದ ಅರ್ಧ ಗಂಟೆ, ಈ ಮೂರೇ ಹೊತ್ತಿನ ಅಂಕಿಗಳನ್ನು ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ವಾರದ ತೂಕವಿಟ್ಟು, ಪ್ರತಿ ಶನಿವಾರ ಅವರಿಗೆ ಫೋಟೊ ಕಳಿಸುತ್ತಿದ್ದೆ. ನಮಗೆ ಅವರು ಹಾಕಿಕೊಟ್ಟ ಕನಿಷ್ಠ ಗೆರೆ 93. ತೂಕವೂ ಏರಿ, ಮೂರು ಹೊತ್ತೂ ಗೆರೆಯ ಮೇಲಿದ್ದರೆ ಮಾತ್ರ 0.05ರಷ್ಟು ಇಳಿಸಲು ಹೇಳುತ್ತಿದ್ದರು. ಆಗಸ್ಟ್‌ನಲ್ಲಿ ಅಂಗನವಾಡಿಯಿಂದ ದೊಡ್ಡ ಮಗ ತಂದ ನೆಗಡಿ ಮಗಳಿಗೂ ತಗುಲಿ, ಸಣ್ಣ ಸಿಲಿಂಡರಿನೊಡನೆ ಮಂಡಗದ್ದೆ ದಾರಿಯಲ್ಲಿ ಶಿವಮೊಗ್ಗಕ್ಕೆ ಓಡಿ, ಆರು ದಿನ ಆಸ್ಪತ್ರೆಯಲ್ಲಿದ್ದು, ಮತ್ತೆ ಕಾಲು ಲೀಟರಿನಿಂದಲೇ ಎಣಿಕೆ ಆರಂಭಿಸಿದೆವು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಯಂತ್ರವನ್ನು ಪಕ್ಕದ ಕೋಣೆಯಲ್ಲಿಟ್ಟು ಏಳು ಮೀಟರ್ ನಳಿಗೆ ಎಳೆದದ್ದರಿಂದ ಸದ್ದು ಹೋಯಿತು, ಹರಿವು ಕುಗ್ಗಲಿಲ್ಲ. ಆಮ್ಲಜನಕ ತೇವವಾಗಲೆಂದು ನಡುವೆ ನೀರಿನ ಬಾಟಲಿ ಇಟ್ಟದ್ದು ಸೋತಿತು. ನಳಿಗೆಯಲ್ಲಿ ಹನಿ ಕಟ್ಟಿ ಮೂಗಿಗೆ ಚಿಮ್ಮುತ್ತಿತ್ತು, ಇಷ್ಟು ಸಣ್ಣ ಹರಿವಿಗೆ ಅದು ಬೇಡವೆಂದು ನರ್ಸ್ ಹೇಳಿ ತೆಗೆಸಿದರು. ಕ್ಯಾನುಲಾ ಕೆನ್ನೆಗೆ ಗಾಯವಾಗದಂತೆ ನಿಲ್ಲಿಸುವ ಒಂದು ಉಪಾಯವೂ ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕೈಯಲ್ಲಿ ಮಾಡಿ ತೋರಿಸದಿದ್ದರೆ ನಳಿಗೆ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ.

ಅಕ್ಟೋಬರ್ ಕೊನೆಗೆ ಹಗಲು ಒಂದು ಗಂಟೆ, ಆಮೇಲೆ ಎರಡು, ನವೆಂಬರಿನಲ್ಲಿ ಹಗಲಿಡೀ ಬರಿಯ ಗಾಳಿ. ಡಿಸೆಂಬರ್ ಎರಡನೆಯ ವಾರ ಒಂದು ಇಡೀ ರಾತ್ರಿ ಆಮ್ಲಜನಕವಿಲ್ಲದೆ ಮಲಗಿಸಿ, ಅಂಕಿಗಳನ್ನು ಯಂತ್ರದಲ್ಲಿ ದಾಖಲಿಸಿ ವೈದ್ಯರಿಗೆ ಒಯ್ದೆ. ಸರಾಸರಿ 95ರ ಹತ್ತಿರ ಇತ್ತು. ಕಾನ್ಸಂಟ್ರೇಟರನ್ನು ಇಪ್ಪತ್ತೆರಡು ಸಾವಿರಕ್ಕೆ ಇನ್ನೊಬ್ಬ ಶಿಶುವಿನ ತಂದೆಗೆ ಮಾರಿದೆ, ಫ್ಲೋಮೀಟರನ್ನು ಸುಮ್ಮನೆ ಕೊಟ್ಟೆ. ಸಿಲಿಂಡರಿನವರು ತುಕ್ಕು ಹಿಡಿದಿದೆಯೆಂದು ಠೇವಣಿಯಲ್ಲಿ ಐನೂರು ಮುರಿದುಕೊಂಡರು. ಅವತ್ತು ಜಗಳವಾಡಲು ನನಗೆ ಮನಸ್ಸಿರಲಿಲ್ಲ.